ಇಬ್ಬರು ಕೂಡಿ ಮಾಡಿದ್ದು ಯಾರದು?

ಆಕಾಶವಾಣಿಯಲ್ಲಿ ಹಳೆಯ ಚಿತ್ರಗೀತೆಯೊಂದನ್ನು ಹಾಕುವಾಗ ಉದ್ಘೋಷಕರು ಚಿತ್ರದ ಹೆಸರು ಹೇಳುತ್ತಾರೆ, ಹಾಡಿದವರ ಹೆಸರು ಹೇಳುತ್ತಾರೆ, ಸಾಹಿತ್ಯ ಇಂಥವರದು, ಸಂಗೀತ ಇಂಥವರದು ಎನ್ನುತ್ತಾರೆ. ನಿರ್ದೇಶಕರ ಹೆಸರು ಮಾತ್ರ ಬರುವುದಿಲ್ಲ. ಅದೇ ಚಿತ್ರದ ಭಿತ್ತಿಪತ್ರವನ್ನು ನೋಡಿದರೆ ನಿರ್ದೇಶಕರ ಹೆಸರು ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ. ಸಂಗೀತ ನಿರ್ದೇಶಕರದನ್ನು ಕೆಳಗಿನ ಸಾಲಿನಲ್ಲಿ, ಛಾಯಾಗ್ರಾಹಕರ ಪಕ್ಕದಲ್ಲೆಲ್ಲೋ ಹುಡುಕಿಕೊಳ್ಳಬೇಕು. ವಸ್ತು ಒಂದೇ. ಕಿವಿಯ ಲೆಕ್ಕದಲ್ಲಿ ಅದು ಒಬ್ಬರದು, ಕಣ್ಣಿನ ಲೆಕ್ಕದಲ್ಲಿ ಇನ್ನೊಬ್ಬರದು.

ಹೊರನಾಡಿನಲ್ಲಿರುವ ನಮಗೆ ಇದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಜನ ಪುಟ್ಟಣ್ಣ ಕಣಗಾಲರ ಚಿತ್ರವೊಂದನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದ್ದಾರೆ? ಆದರೆ ಆ ಚಿತ್ರಗಳ ಹಾಡು ಅವರಿಗೆ ಗೊತ್ತು. ಅಜ್ಜಿ ಅಡಿಗೆಮನೆಯಲ್ಲಿ ಗುನುಗಿದ್ದು, ರಾಜ್ಯೋತ್ಸವದ ದಿನ ಸಂಘದ ವೇದಿಕೆಯ ಮೇಲೆ ಯಾರೋ ಹಾಡಿದ್ದು, ಈಚೆಗೆ ಮೊಬೈಲಿನಲ್ಲಿ ಸಿಕ್ಕಿದ್ದು. ಹೆಸರು ತಿಳಿಯದೆಯೇ ಅವರು ವಿಜಯಭಾಸ್ಕರರನ್ನು ಬಲ್ಲರು. ಪುಟ್ಟಣ್ಣನವರ ಹೆಸರು ಕೇಳಿದ್ದರೂ ಅವರನ್ನು ಅರಿಯರು. ಅವರ ಅಜ್ಜ ಅಜ್ಜಿಯರಿಗಾದರೋ ಅವು 'ಪುಟ್ಟಣ್ಣನ ಸಿನಿಮಾ'ಗಳು, ಅಷ್ಟೇ. ಕಳೆದ ಯುಗಾದಿಯ ಊಟದ ನಂತರ ಇದೇ ವಿಷಯದ ಮೇಲೆ ನಮ್ಮ ಮಿತ್ರರಿಬ್ಬರು ಎಲೆಯಡಿಕೆ ಮುಗಿಯುವ ತನಕ ವಾದ ಮಾಡಿದರು. ಒಬ್ಬರು, ಸಂಗೀತ ತೆಗೆದರೂ ಪುಟ್ಟಣ್ಣನವರ ಚಿತ್ರ ನಿಲ್ಲುತ್ತದೆ ಎಂದರು. ಇನ್ನೊಬ್ಬರು, ಚಿತ್ರ ಮರೆತುಹೋದರೂ ಹಾಡು ಉಳಿದಿದೆಯಲ್ಲ, ಉಳಿದದ್ದೇ ದೊಡ್ಡದು ಎಂದರು. ಇಬ್ಬರಿಗೂ ಗೆಲುವಾಗಲಿಲ್ಲ. ಆದರೆ ವಾದದ ಕೆಳಗೆ ಒಂದು ಗಟ್ಟಿಯಾದ ಪ್ರಶ್ನೆ ಇತ್ತೆಂದು ನಮಗೆ ಆಮೇಲೆ ಹೊಳೆಯಿತು. ಇಬ್ಬರು ಕೂಡಿ ಒಂದು ಕೆಲಸ ಮಾಡಿದಾಗ ಅದರಲ್ಲಿ ಒಬ್ಬೊಬ್ಬರದು ಎಷ್ಟು? ಒಬ್ಬರ ಕಲ್ಪನೆಗೆ ಇನ್ನೊಬ್ಬರು ತಮ್ಮ ಜೀವಮಾನದ ಅತ್ಯುತ್ತಮವಾದುದನ್ನು ಕೊಟ್ಟರೆ ಅದು ಸೇವೆಯೇ, ಸ್ನೇಹವೇ, ವ್ಯಾಪಾರವೇ? ಮತ್ತು ಕೊಟ್ಟವರಿಗೆ ಏನು ಸಲ್ಲಬೇಕು?

ಮೊದಲು ಸಂಗತಿಯನ್ನು ನೋಡೋಣ. ಪುಟ್ಟಣ್ಣನವರು ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿ ಹೆಸರಾದದ್ದು 1967ರ 'ಬೆಳ್ಳಿಮೋಡ'ದಿಂದ. ವಿಜಯಭಾಸ್ಕರ್ ಆ ಹೊತ್ತಿಗೆ ಹೊಸಬರೇನಲ್ಲ, ಎನ್. ಲಕ್ಷ್ಮೀನಾರಾಯಣರ 'ನಾಂದಿ'ಗೆ (1964) ಸಂಗೀತ ಕೊಟ್ಟವರು ಅವರೇ. 'ಬೆಳ್ಳಿಮೋಡ'ದಿಂದ ಮುಂದೆ 'ಗೆಜ್ಜೆಪೂಜೆ' (1969), 'ಶರಪಂಜರ' (1971), 'ನಾಗರಹಾವು' (1972), 'ಉಪಾಸನೆ' (1974), 'ಶುಭಮಂಗಳ' (1975), 'ಪಡುವಾರಹಳ್ಳಿ ಪಾಂಡವರು' (1978), 'ಮಾನಸ ಸರೋವರ' (1982), ಹೀಗೆ 1985ರ 'ಮಸಣದ ಹೂವು'ವರೆಗೆ ಸುಮಾರು ಹದಿನೆಂಟು ವರ್ಷಗಳ ಜೊತೆ ಅವರಿಬ್ಬರದು. ಮದುವೆಗಳೂ ಅಷ್ಟು ಕಾಲ ನೆಟ್ಟಗೆ ನಡೆಯದ ದಿನಗಳಿವು!

'ಬೆಳ್ಳಿಮೋಡ'ವನ್ನೇ ತೆಗೆದುಕೊಳ್ಳಿ. ಕಥೆ ತ್ರಿವೇಣಿಯವರದು, ಅವರು 1963ರಲ್ಲೇ ತೀರಿಕೊಂಡಿದ್ದರು, ತಮ್ಮ ಕಾದಂಬರಿ ತೆರೆಯ ಮೇಲೆ ಬಂದದ್ದನ್ನು ಅವರು ನೋಡಲೇ ಇಲ್ಲ. ಚಿತ್ರದಲ್ಲಿ ಬೇಂದ್ರೆಯವರ 'ಬೆಳಗು' ಕವನವಿದೆ; ಅದು ಚಿತ್ರಕ್ಕಾಗಿ ಬರೆದದ್ದಲ್ಲ, ದಶಕಗಳ ಹಿಂದಿನದು. ಧಾರವಾಡದ ಕವಿಯೊಬ್ಬರು ಕಂಡ ಬೆಳಗು, ವಿಜಯಭಾಸ್ಕರರ ಸ್ವರದಲ್ಲಿ, ತೆಲುಗು ನೆಲದಿಂದ ಬಂದ ಎಸ್. ಜಾನಕಿಯವರ ಕಂಠದಲ್ಲಿ, ಪುಟ್ಟಣ್ಣನವರು ತೋರಿಸಿದ ಮಲೆನಾಡಿನ ಮೇಲೆ ಮೂಡುತ್ತದೆ. ಇದರಲ್ಲಿ ಯಾರ ಪಾಲು ಎಷ್ಟು ಎಂದು ತಕ್ಕಡಿ ಹಿಡಿಯುವವರು ಯಾರು? ಆ ಕವನವನ್ನು ಪಠ್ಯಪುಸ್ತಕದಲ್ಲಿ ಓದಿದವರಿಗೂ ಇಂದು ಆ ಧಾಟಿಯನ್ನು ಬಿಟ್ಟು ಓದಲು ಬರುವುದಿಲ್ಲ. ಇದು ಕವನಕ್ಕೆ ಲಾಭವೋ ನಷ್ಟವೋ ಎಂಬುದು ಬೇರೆ ಚರ್ಚೆ.

ನಾವು ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಆದ್ದರಿಂದ ಇಂಥ ಪ್ರಶ್ನೆ ಬಂದಾಗ ಬುದ್ಧಿ ತಾನಾಗಿ ಆ ಕಡೆ ಓಡುತ್ತದೆ. ಜಲಜನಕ ಉರಿಯುವ ಅನಿಲ. ಆಮ್ಲಜನಕ ಉರಿಯಲು ನೆರವಾಗುವ ಅನಿಲ. ಇವೆರಡೂ ಸೇರಿ ಆದ ನೀರು ಬೆಂಕಿಯನ್ನು ಆರಿಸುತ್ತದೆ. ನೀರಿನಲ್ಲಿ ಯಾರದೆಷ್ಟು? ಅಣುಗಳನ್ನು ಎಣಿಸಿದರೆ ಜಲಜನಕದ್ದು ಎರಡು, ಆಮ್ಲಜನಕದ್ದು ಒಂದು. ತೂಕ ಮಾಡಿದರೆ 18 ಗ್ರಾಂ ನೀರಿನಲ್ಲಿ ಆಮ್ಲಜನಕವೇ 16 ಗ್ರಾಂ, ಜಲಜನಕ ಬರೀ 2. ಎಣಿಕೆಯಲ್ಲಿ ಗೆದ್ದವರು ತೂಕದಲ್ಲಿ ಸೋಲುತ್ತಾರೆ, ಎರಡು ಲೆಕ್ಕವೂ ಸರಿ. ಯುಗಾದಿಯ ದಿನ ನಮ್ಮ ಮಿತ್ರರು ಮಾಡಿದ್ದು ಇದನ್ನೇ. ಒಬ್ಬರು ಎಣಿಸುತ್ತಿದ್ದರು, ಒಬ್ಬರು ತೂಗುತ್ತಿದ್ದರು.

ಆದರೆ ಮನುಷ್ಯರು ಅನಿಲಗಳಲ್ಲ. ನೀರಾದ ಮೇಲೂ ಇಬ್ಬರೂ ತಮ್ಮ ತಮ್ಮ ಮನೆಗೆ ಹೋಗಿ ಊಟ ಮಾಡಬೇಕು, ಬಾಡಿಗೆ ಕಟ್ಟಬೇಕು, ಬೆಳಿಗ್ಗೆ ಪತ್ರಿಕೆಯಲ್ಲಿ ಯಾರನ್ನು ಹೊಗಳಿದ್ದಾರೆಂದು ನೋಡಬೇಕು. ಉಪಮಾನ ಇಲ್ಲಿಗೆ ನಿಲ್ಲುತ್ತದೆ.

ಹಾಗಾದರೆ ಈ ಇಬ್ಬರ ಕೆಲಸ ನಡೆಯುವುದು ಹೇಗೆ? ಇದನ್ನು ತಿಳಿದುಕೊಂಡರೆ ನೀತಿಯ ಪ್ರಶ್ನೆ ಅರ್ಧ ಬಿಡಿಸಿದಂತೆ ಎಂದು ನಮ್ಮ ಎಣಿಕೆ. ಚಿತ್ರದಲ್ಲಿ ಸಂಗೀತ ಎರಡು ಬಗೆ. ಹಾಡು ಒಂದು, ಹಿನ್ನೆಲೆ ಸಂಗೀತ ಇನ್ನೊಂದು. ಹಾಡನ್ನು ಸಾಮಾನ್ಯವಾಗಿ ಚಿತ್ರೀಕರಣಕ್ಕೆ ಮೊದಲೇ ಧ್ವನಿಮುದ್ರಿಸುತ್ತಾರೆ. ಆಮೇಲೆ ಹೊರಾಂಗಣದಲ್ಲಿ ಆ ಹಾಡನ್ನು ಗಟ್ಟಿಯಾಗಿ ನುಡಿಸಿ, ನಟರು ಅದಕ್ಕೆ ತುಟಿ ಸೇರಿಸುತ್ತ, ತುಣುಕು ತುಣುಕಾಗಿ ಚಿತ್ರೀಕರಣವಾಗುತ್ತದೆ. ಎಂದರೆ ಹಾಡಿನ ಮಟ್ಟಿಗೆ ಕಾಲ ಸಂಗೀತಗಾರರ ಕೈಯಲ್ಲಿದೆ. ಚರಣ ಎಷ್ಟು ಹೊತ್ತೋ ಅಷ್ಟೇ ಹೊತ್ತು ನಾಯಕಿ ಮೆಟ್ಟಿಲಿಳಿಯಬೇಕು. ಒಂದು ಕ್ಷಣ ಹೆಚ್ಚು ಬೇಕೆಂದರೂ ನಿರ್ದೇಶಕರಿಗೆ ಸಿಗದು. 'ನಾಗರಹಾವು' ಚಿತ್ರದಲ್ಲಿ ನಿಧಾನಗತಿಯಲ್ಲಿ ತೆಗೆದ ಪ್ರೇಮಗೀತೆಯನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಚಲನೆ ಅರ್ಧ ವೇಗದಲ್ಲಿ ಕಾಣಬೇಕಾದರೆ 48ರ ವೇಗದಲ್ಲಿ ಚಿತ್ರೀಕರಿಸಬೇಕು. ಆಗ ತುಟಿಯ ಚಲನೆ ಹಾಡಿಗೆ ಹೊಂದಬೇಕಾದರೆ ಚಿತ್ರೀಕರಣದ ಹೊತ್ತಿಗೆ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಬೇಕು. ತೆರೆಯ ಮೇಲೆ ಗಾಳಿಯಲ್ಲಿ ತೇಲಿದಂತೆ ಕಾಣುವ ಇಂಥ ದೃಶ್ಯಗಳನ್ನು ತೆಗೆಯುವ ಜಾಗದಲ್ಲಿ ಕೇಳುವುದು ಚಿಕ್ಕ ಮಕ್ಕಳ ಗಡಿಬಿಡಿಯ ಕೀಚಲು ಧ್ವನಿ! ಒಬ್ಬರ ಕಲ್ಪನೆ ಇನ್ನೊಬ್ಬರ ಗಡಿಯಾರಕ್ಕೆ ಹೀಗೆ ಹೊಂದಿಕೊಳ್ಳುತ್ತದೆ.

ಹಿನ್ನೆಲೆ ಸಂಗೀತದಲ್ಲಿ ಇದು ತಿರುವುಮುರುವು. ಚಿತ್ರದ ಸಂಕಲನ ಮುಗಿದ ಮೇಲೆ ಒಂದೊಂದೇ ಭಾಗವನ್ನು ತೆರೆಯ ಮೇಲೆ ಬಿಟ್ಟು, ಅದನ್ನು ನೋಡುತ್ತ ವಾದ್ಯವೃಂದ ನುಡಿಸುತ್ತದೆ. ತಾಯಿ ಬಾಗಿಲಲ್ಲಿ ನಿಂತು ನೋಡುವುದು ಹನ್ನೊಂದು ಸೆಕೆಂಡು ಎಂದರೆ ಸಂಗೀತಗಾರನಿಗೆ ಸಿಕ್ಕುವುದು ಹನ್ನೊಂದೇ ಸೆಕೆಂಡು. ರಾಗ ಈಗ ತಾನೆ ಅರಳುತ್ತಿದೆ, ಇನ್ನೊಂದು ಆವರ್ತ ಕೊಡಿ ಎಂದರೆ ಕೊಡುವವರಿಲ್ಲ. ಇಲ್ಲಿ ಕಾಲ ನಿರ್ದೇಶಕರದು.

ಆದ್ದರಿಂದ ಒಂದೇ ಚಿತ್ರದಲ್ಲಿ, ಒಂದೇ ವಾರದಲ್ಲಿ, ಇವರು ಅವರಿಗೆ ಯಜಮಾನರು, ಅವರು ಇವರಿಗೆ ಯಜಮಾನರು. ಯಜಮಾನಿಕೆ ಕೈ ಬದಲಿಸುತ್ತಲೇ ಇರುತ್ತದೆ. ಇದು ನಮಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಕಚೇರಿಗಳಲ್ಲಿ, ಮನೆಗಳಲ್ಲಿ ಸಹಕಾರ ಎಂಬ ಹೆಸರಿನಲ್ಲಿ ನಡೆಯುವುದನ್ನು ನೋಡಿ. ಯಾವಾಗಲೂ ಒಬ್ಬರೇ ಗಡಿಯಾರ ಹಿಡಿದಿರುತ್ತಾರೆ, ಉಳಿದವರು ಓಡುತ್ತಿರುತ್ತಾರೆ. ಅಡಿಗೆಮನೆಯಿಂದ ಸೆಕ್ಷನ್‌ವರೆಗೆ ಇದೇ ಕಥೆ.

'ನಾಗರಹಾವು' ಚಿತ್ರದ ಓಬವ್ವನ ಪ್ರಸಂಗವನ್ನು ನೆನೆಯಿರಿ. ಚಿತ್ರದುರ್ಗದ ಕೋಟೆ, ಕಾವಲುಗಾರನ ಹೆಂಡತಿ, ಕಿಂಡಿಯಲ್ಲಿ ನುಸುಳುವ ಶತ್ರುಗಳು, ಒನಕೆ. ಮಾತಿನಲ್ಲಿ ಹೇಳುವುದಾದರೆ ಅರ್ಧ ಗಂಟೆಯ ಕಥೆ. ಪುಟ್ಟಣ್ಣನವರು ಇಡೀ ಕಥೆಯನ್ನು ಹಾಡಿಗೆ ಒಪ್ಪಿಸಿಬಿಟ್ಟರು. ಜಯಂತಿಯವರ ಮುಖವಿದೆ, ಪಿ.ಬಿ. ಶ್ರೀನಿವಾಸರ ಕಂಠವಿದೆ, ಕಥೆ ಹೇಳುವ ಹೊಣೆ ಸಂಗೀತದ್ದು. ಕಥೆ ಹೇಳುವುದೇ ತನ್ನ ಕಸುಬಾದ ಮನುಷ್ಯ, ಆ ಕಸುಬನ್ನು ಕೆಲವು ನಿಮಿಷ ಇನ್ನೊಬ್ಬರ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಲುವುದು ಸಣ್ಣ ಮಾತಲ್ಲ. ಪುಟ್ಟಣ್ಣನವರು ವಿನಯಕ್ಕೆ ಹೆಸರಾದವರಲ್ಲ, ಸೆಟ್ಟಿನಲ್ಲಿ ಅವರ ಕೋಪ ಪ್ರಸಿದ್ಧವೇ. ಆದರೂ ಕೊಟ್ಟರು.

ಈಗ ನಮ್ಮ ಊರಿನವರೇ ಆದ ಇನ್ನೊಬ್ಬ ನಿರ್ದೇಶಕರ ಕಡೆ ಬರೋಣ. ಶ್ಯಾಮ್ ಬೆನಗಲ್ ಹುಟ್ಟಿದ್ದು 1934ರಲ್ಲಿ ಇಲ್ಲಿನ ತಿರುಮಲಗಿರಿಯಲ್ಲಿ. ಓದಿದ್ದು ನಿಜಾಂ ಕಾಲೇಜಿನಲ್ಲಿ. ಮನೆತನದ ಬೇರು ನಮ್ಮ ಕರಾವಳಿಯದು, ಮನೆಮಾತು ಕೊಂಕಣಿ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಮೊದಲ ಕಥಾಚಿತ್ರ 'ಅಂಕುರ್' (1974) ಚಿತ್ರಿತವಾದದ್ದು ಹೈದರಾಬಾದಿನ ಬಳಿಯ ಯಲ್ಲಾರೆಡ್ಡಿಗುಡದಲ್ಲಿ, ಪಾತ್ರಗಳು ಆಡುವುದು ದಖನಿ, ನಾಯಕ ನಮ್ಮ ಅನಂತ್ ನಾಗ್. ಅದಕ್ಕೆ ಸಂಗೀತ ವನರಾಜ್ ಭಾಟಿಯಾ. ಈ ಭಾಟಿಯಾ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತ ಕಲಿತು, ಪ್ಯಾರಿಸ್ಸಿನಲ್ಲಿ ನಾದಿಯಾ ಬೂಲಾಂಜೆ ಎಂಬ ಮಹಾಗುರುವಿನ ಶಿಷ್ಯರಾಗಿದ್ದವರು. ಮುಂಬಯಿಯ ಜಾಹೀರಾತು ಲೋಕದಲ್ಲಿ ಬೆನಗಲ್ಲರ ಜೊತೆಗಾರರು. ಅಷ್ಟು ವಿದ್ಯೆಯಿದ್ದ ಸಂಗೀತಗಾರರಿಗೆ 'ಅಂಕುರ್' ಕೊಟ್ಟ ಅವಕಾಶ ಎಷ್ಟು? ಸಾಮಾನ್ಯ ಚಿತ್ರಗಳಂತೆ ಹಾಡು ಕುಣಿತ ಇಲ್ಲ. ಬಹುಪಾಲು ಹಳ್ಳಿಯ ಸದ್ದು, ಹಕ್ಕಿ, ಗಾಳಿ, ಮೌನ. ಕಲಿತದ್ದನ್ನೆಲ್ಲ ತೋರಿಸಬೇಕೆಂಬ ಚಪಲವನ್ನು ತಡೆದುಕೊಂಡು, ಇಲ್ಲಿ ನನ್ನ ಅಗತ್ಯ ಇಷ್ಟೇ ಎಂದು ಕೈ ಕಟ್ಟಿ ಕೂರುವುದೂ ಸಂಗೀತಗಾರನ ಕೆಲಸವೇ. ಇದಕ್ಕೆ ಸಂಭಾವನೆ ಹೇಗೆ ನಿಗದಿ ಮಾಡುತ್ತಾರೋ ನಮಗೆ ತಿಳಿಯದು.

ಅದೇ ಭಾಟಿಯಾ 'ಮಂಥನ್' (1976) ಚಿತ್ರಕ್ಕೆ ಪ್ರೀತಿ ಸಾಗರ್ ಕಂಠದಲ್ಲಿ ಒಂದು ಹಾಡು ಕೊಟ್ಟರು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಚಿತ್ರ ಅದು. ಚಿತ್ರ ನೋಡದ ಲಕ್ಷಾಂತರ ಜನ ಆಮೇಲೆ ಅದೇ ಹಾಡನ್ನು ಹಾಲಿನ ಜಾಹೀರಾತಿನಲ್ಲಿ ಕೇಳಿದರು. ಯಾರದು ಆ ಹಾಡು? ಎರಡು ರೂಪಾಯಿ ಕೊಟ್ಟ ರೈತನೂ ತನ್ನದೆನ್ನಬಹುದು. ಇನ್ನು 'ಮಂಡಿ' (1983). ಅದರಲ್ಲಿ ಮೀರ್, ಬಹಾದುರ್ ಷಾ ಜಫರ್ ಇವರೊಡನೆ ನಮ್ಮ ಹೈದರಾಬಾದಿನ ಮಖ್ದೂಂ ಮೊಹಿಯುದ್ದೀನರ ಕವಿತೆಯನ್ನೂ ಭಾಟಿಯಾ ಸ್ವರಕ್ಕೆ ಹಾಕಿದರು. ಪ್ಯಾರಿಸ್ಸಿನಲ್ಲಿ ಕಲಿತವರು ಕೋಠಿಯ ಮೆಹಫಿಲ್ಲಿಗೆ ಇಳಿದದ್ದು ಬೆನಗಲ್ಲರಿಗಾಗಿ.

ಎದುರು ಪಕ್ಷವನ್ನೂ ಕೇಳಬೇಕು. ಸತ್ಯಜಿತ್ ರಾಯ್ ಮೊದಲು 'ಪಥೇರ್ ಪಾಂಚಾಲಿ'ಗೆ (1955) ರವಿಶಂಕರರನ್ನು, 'ಜಲಸಾಘರ್'ಗೆ (1958) ವಿಲಾಯತ್ ಖಾನರನ್ನು, 'ದೇವಿ'ಗೆ (1960) ಅಲಿ ಅಕ್ಬರ್ ಖಾನರನ್ನು ಕರೆದರು. ಮೂವರೂ ಆ ಕಾಲದ ಶಿಖರಗಳು. ಆದರೆ 1961ರ 'ತೀನ್ ಕನ್ಯಾ'ದಿಂದ ರಾಯ್ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಕೊಡಲಾರಂಭಿಸಿದರು. ತಮಗೇ ಸಂಗೀತದ ಕಲ್ಪನೆಗಳು ಬರತೊಡಗಿದವು, ದೊಡ್ಡ ಸಂಗೀತಗಾರರಿಗೆ ಹೀಗೆ ಮಾಡಿ ಹಾಗೆ ಮಾಡಿ ಎನ್ನಿಸಿಕೊಳ್ಳುವುದು ರುಚಿಸದು ಎಂಬರ್ಥದ ಮಾತನ್ನು ಅವರು ಆಡಿದ್ದುಂಟು. ಇದರಲ್ಲಿ ಅಪ್ರಾಮಾಣಿಕತೆ ಏನೂ ಇಲ್ಲ. ಇನ್ನೊಬ್ಬರ ಕೈಯಲ್ಲಿ ತನ್ನ ಕೆಲಸ ಮಾಡಿಸಿಕೊಂಡು ಅವರನ್ನು ಉಪಕರಣವಾಗಿ ಬಳಸುವುದಕ್ಕಿಂತ ತಾನೇ ಕೂತು ಮಾಡುವುದು ಎಷ್ಟೋ ನೇರ. ನಮ್ಮಲ್ಲಿ ಬಿ.ವಿ. ಕಾರಂತರು 'ಚೋಮನ ದುಡಿ'ಯನ್ನು (1975) ನಿರ್ದೇಶಿಸಿ ಸಂಗೀತವನ್ನೂ ತಾವೇ ಕೊಟ್ಟರು. ಚೋಮನ ಮಾತೇ ದುಡಿಯ ಬಡಿತವಾದಾಗ ಅಲ್ಲಿ ಇನ್ನೊಬ್ಬರಿಗೆ ಜಾಗವೆಲ್ಲಿ? ಆದರೆ ಅದೇ ಕಾರಂತರು ಎರಡು ವರ್ಷದ ನಂತರ, ಆಗಿನ್ನೂ ಹೊಸಬರಾಗಿದ್ದ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ (1977) ಸಂಗೀತಗಾರರಾಗಿ ಬಂದು ಕುಳಿತರು. ನಿರ್ದೇಶಕನಾಗಿ ದೇಶದ ಅತ್ಯುನ್ನತ ಪ್ರಶಸ್ತಿಯ ಚಿತ್ರ ಮಾಡಿದವರು, ಕಿರಿಯನೊಬ್ಬನ ಮೊದಲ ಕಥಾಚಿತ್ರದಲ್ಲಿ ಎರಡನೆಯ ಕುರ್ಚಿಯಲ್ಲಿ. ರಾಯ್ ದೊಡ್ಡವರು, ಸಂದೇಹವಿಲ್ಲ. ಆದರೆ ಮೊದಲ ಕುರ್ಚಿಯಲ್ಲೂ ಎರಡನೆಯ ಕುರ್ಚಿಯಲ್ಲೂ ನೆಮ್ಮದಿಯಾಗಿ ಕೂರಬಲ್ಲ ಕಾರಂತರ ಮನಸ್ಸು ನಮಗೆ ಹೆಚ್ಚು ಹತ್ತಿರವೆನಿಸುತ್ತದೆ. ಇದು ಪಕ್ಷಪಾತವಿದ್ದರೂ ಇರಲಿ.

ಎರಡನೆಯ ಕುರ್ಚಿ ಎಂದೆವು. ಅದರ ವಿಷಯದಲ್ಲಿ ನಮಗೆ ಸ್ವಲ್ಪ ಅಧಿಕಾರವುಂಟು, ಏಕೆಂದರೆ ಇಪ್ಪತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕರಡು ಬರೆಯುವುದೇ ನಮ್ಮ ಉದ್ಯೋಗ. ಕರಡು ನಮ್ಮದು, ಸಹಿ ಅಧಿಕಾರಿಗಳದು. ಪತ್ರ ದೆಹಲಿಗೆ ಹೋದಾಗ ಅದರ ಮೇಲೆ ನಮ್ಮ ಹೆಸರಿನ ಸುಳಿವೂ ಇರುವುದಿಲ್ಲ. ಹೊರಗಿನವರು ಇದನ್ನು ಕೇಳಿ ಮರುಗುತ್ತಾರೆ, ಮರುಗುವ ಅಗತ್ಯವಿಲ್ಲ. ಪ್ರತಿ ಕಡತಕ್ಕೂ ಎರಡು ಭಾಗ, ಪತ್ರವ್ಯವಹಾರದ್ದೊಂದು, ಟಿಪ್ಪಣಿಯದೊಂದು. ಪತ್ರವನ್ನು ಲೋಕ ನೋಡುತ್ತದೆ. ಟಿಪ್ಪಣಿಯ ಹಾಳೆಯಲ್ಲಿ ಮೊದಲು ಬರೆದವರು ಯಾರು, ತಿದ್ದಿದವರು ಯಾರು, ಒಪ್ಪಿದವರು ಯಾರು, ಎಲ್ಲರ ಚಿಕ್ಕ ಸಹಿಯೂ ತಾರೀಖಿನೊಡನೆ ಇರುತ್ತದೆ. ಈಗ ಹಸಿರು ಹಾಳೆ ಹೋಗಿ ಕಂಪ್ಯೂಟರು ಬಂದಿದೆ, ಆದರೂ ಪದ್ಧತಿ ಅದೇ. ಸಹಿ ಹಾಕುವವರು ಹೊಣೆಯನ್ನೂ ಹೊರುತ್ತಾರೆ ಎಂಬ ನಂಬಿಕೆಯ ಮೇಲೆ ನಾವು ಹೆಸರು ಬಿಟ್ಟುಕೊಡುತ್ತೇವೆ. ಆಕ್ಷೇಪ ಬಂದ ದಿನ 'ಇದು ಗುಮಾಸ್ತರು ಬರೆದದ್ದು' ಎಂದು ಬೆರಳು ತೋರಿಸಿದರೆ ಮಾತ್ರ ಒಪ್ಪಂದ ಮುರಿಯಿತು. ಹೊಗಳಿಕೆಯನ್ನು ಮೇಲಿಟ್ಟುಕೊಂಡು ಬೈಗುಳನ್ನು ಕೆಳಗೆ ದಾಟಿಸುವವರ ಜೊತೆ ಯಾವ ಕೆಲಸವೂ ಕೂಡಿ ಮಾಡಿದ್ದಾಗುವುದಿಲ್ಲ.

ಹೆಸರಿನ ಪ್ರಶ್ನೆ ಕ್ಷುಲ್ಲಕವೆಂದು ಯಾರಾದರೂ ಭಾವಿಸಿದ್ದರೆ ಒಂದು ಪ್ರಸಂಗ ಹೇಳುತ್ತೇವೆ. ನಮ್ಮ ಪರಿಚಯದ ಯುವಕರೊಬ್ಬರು ಹಾರ್ಮೋನಿಯಂ ಚೆನ್ನಾಗಿ ನುಡಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಕನ್ನಡಿಗರ ಒಂದು ಬಳಗದ ನಾಟಕಕ್ಕೆ ಆರು ಹಾಡುಗಳ ಧಾಟಿ ಕೂರಿಸಿದರು. ಎರಡು ತಿಂಗಳು, ಕಚೇರಿ ಮುಗಿಸಿ ಬಸ್ಸಿನಲ್ಲಿ ಬಂದು, ರಾತ್ರಿ ಹತ್ತರವರೆಗೆ ಮಕ್ಕಳಿಗೆ ಕಲಿಸಿದರು. ನಾಟಕದ ದಿನ ಹಂಚಿದ ಕರಪತ್ರದಲ್ಲಿ ನಿರ್ದೇಶಕರ ಹೆಸರಿತ್ತು, ಪೋಷಕರ ಹೆಸರಿತ್ತು, ಧ್ವನಿವರ್ಧಕ ಕೊಟ್ಟ ಅಂಗಡಿಯ ಹೆಸರೂ ಇತ್ತು. ಅವರದಿರಲಿಲ್ಲ. ಕೇಳಿದ್ದಕ್ಕೆ ಸಿಕ್ಕ ಉತ್ತರ: 'ಕನ್ನಡದ ಕೆಲಸ ಸ್ವಾಮಿ, ಇದರಲ್ಲಿ ಹೆಸರಿನ ಆಸೆ ಯಾಕೆ?' ಯುವಕರು ಮತ್ತೆ ಆ ಕಡೆ ಸುಳಿಯಲಿಲ್ಲ. ಅವರ ಮಕ್ಕಳು ಈಗ ಕನ್ನಡ ಹಾಡು ಹಾಡುವುದಿಲ್ಲ. ಹೊರನಾಡಿನಲ್ಲಿ ಒಂದು ಕನ್ನಡದ ಮನೆ ಮೆಲ್ಲಗೆ ಆರಿಹೋಗುವುದು ಹೀಗೂ ಉಂಟು.

ಆ ಉತ್ತರ ಕೊಟ್ಟವರ ಹೆಸರು ಕರಪತ್ರದಲ್ಲಿತ್ತು ಎಂಬುದನ್ನು ವಾಚಕರು ಗಮನಿಸಬೇಕು. ಫಲಾಪೇಕ್ಷೆ ಬಿಡು ಎಂಬುದು ಮನುಷ್ಯ ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ಇನ್ನೊಬ್ಬರಿಗೆ ಹೇಳಿ ಅವರ ಫಲವನ್ನು ತನ್ನ ಬುಟ್ಟಿಗೆ ಹಾಕಿಕೊಂಡರೆ ಗೀತೆಯ ಮಾತು ದಲ್ಲಾಳಿಯ ಮಾತಾಗುತ್ತದೆ. ಹಾಗೆಂದು ಎದುರು ತುದಿಗೆ ಹೋದರೂ ಕ್ಷೇಮವಿಲ್ಲ. ಗುರುದತ್ತರ 'ಪ್ಯಾಸಾ' (1957) ಬಂದ ಮೇಲೆ ಸಂಗೀತದ ಎಸ್.ಡಿ. ಬರ್ಮನ್ ಮತ್ತು ಕವಿ ಸಾಹಿರ್ ಮತ್ತೆಂದೂ ಜೊತೆಗೂಡಲಿಲ್ಲ. ಗೆದ್ದದ್ದು ಪದವೋ ಸ್ವರವೋ ಎಂಬ ಜಗಳವೇ ಕಾರಣವೆಂದು ಪ್ರಸಿದ್ಧಿ. ಇಬ್ಬರೂ ತಮಗೆ ಸಲ್ಲಬೇಕಾದುದನ್ನೇ ಕೇಳಿದ್ದರು, ನಷ್ಟವಾದದ್ದು ಕೇಳುಗರಿಗೆ.

ಕಾಯ್ದೆ ಏನು ಹೇಳುತ್ತದೆ? ಗುಮಾಸ್ತರ ಬುದ್ಧಿ, ನೋಡದೆ ಬಿಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರದ 'ಕರ್ತೃ' ಎಂದರೆ ನಿರ್ಮಾಪಕ. ನಿರ್ದೇಶಕರದೋ ಸಂಗೀತಗಾರರದೋ ಎಂದು ನಾವು ಇಲ್ಲಿ ಎಲೆಯಡಿಕೆ ಹಾಕಿಕೊಂಡು ವಾದ ಮಾಡುತ್ತಿದ್ದರೆ, ಕಾಯ್ದೆ ಹಣ ಹಾಕಿದ ಮೂರನೆಯವರನ್ನು ಕರೆದು ಮಣೆ ಹಾಕಿದೆ! ನಿರ್ಮಾಪಕ ದುಡ್ಡು ಕೊಟ್ಟು ಚಿತ್ರಕ್ಕಾಗಿ ಮಾಡಿಸಿದ ಸಂಗೀತದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ನಿರ್ಮಾಪಕನದೇ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪಿತ್ತಿತು. 2012ರ ತಿದ್ದುಪಡಿಯ ನಂತರ ಸಂಗೀತಗಾರರಿಗೂ ಗೀತರಚನಕಾರರಿಗೂ ಗೌರವಧನದಲ್ಲಿ ಸಮಪಾಲು ಸಿಗಬೇಕೆಂದಾಯಿತು, ಅದನ್ನು ಬರೆದುಕೊಡುವಂತೆ ಮಾಡಿಸಿಕೊಳ್ಳಲೂ ಬಾರದು. ಆ ಹೊತ್ತಿಗೆ ವಿಜಯಭಾಸ್ಕರ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಇನ್ನು ವನರಾಜ್ ಭಾಟಿಯಾ, ರಾಷ್ಟ್ರಪ್ರಶಸ್ತಿ, ಪದ್ಮಶ್ರೀ ಎಲ್ಲ ಬಂದಿದ್ದವರು, ಮುಪ್ಪಿನಲ್ಲಿ ಹಣವಿಲ್ಲದೆ ಮನೆಯ ಸಾಮಾನು ಮಾರಬೇಕಾಯಿತೆಂದು 2019ರಲ್ಲಿ ಪತ್ರಿಕೆಗಳು ಬರೆದವು. 2021ರಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾಲಿನ ಹಾಡು ಮನೆಮನೆಯಲ್ಲಿತ್ತು.

ಹಾಗಾದರೆ ಜೊತೆಗಾರನ ಧರ್ಮವೇನು? ನಮ್ಮ ಪೂರ್ವಿಕರಿಗೆ ಈ ಪ್ರಶ್ನೆ ಹೊಸದಲ್ಲ. ಗದುಗಿನ ಭಾರತದ ಕರ್ಣಪರ್ವವನ್ನು ಗಮಕದಲ್ಲಿ ಕೇಳಿದವರಿಗೆ ಶಲ್ಯ ಗೊತ್ತು. ಸಾರಥ್ಯದಲ್ಲಿ ಕೃಷ್ಣನಿಗೆ ಸಮನಾದವನು ಎಂದೇ ಕರ್ಣ ಅವನನ್ನು ಬೇಡಿ ಪಡೆದ. ಶಲ್ಯ ರಥ ಹತ್ತಿದ, ಆದರೆ ದಾರಿಯುದ್ದಕ್ಕೂ ಕರ್ಣನನ್ನು ಹೀಗಳೆದ. ಕೊನೆಗೆ ಸರ್ಪಾಸ್ತ್ರ ಹೂಡಿದ ಹೊತ್ತಿನಲ್ಲಿ, ಕೊರಳಿಗಲ್ಲ ಎದೆಗೆ ಗುರಿಯಿಡು ಎಂದು ಹೇಳಿದ. ಆ ಮಾತು ಸರಿಯಾಗಿತ್ತು. ಕೇಳಿದ್ದರೆ ಭಾರತವೇ ಬೇರೆಯಾಗುತ್ತಿತ್ತು. ಕರ್ಣ ಕೇಳಲಿಲ್ಲ, ಶಲ್ಯ ರಥವಿಳಿದು ಹೋದ. ಹರಿಕಥೆದಾಸರು ಇಲ್ಲಿ ಕರ್ಣನ ಛಲವನ್ನು ಹಾಡಿ ಹೊಗಳುತ್ತಾರೆ. ನಮಗೆ ಕಾಣುವುದು ಬೇರೆ. ಬೆಳಗಿನಿಂದ ಹಂಗಿಸಿದವನ ಬಾಯಿಂದ ಬಂದ ಒಳ್ಳೆಯ ಸಲಹೆಯನ್ನು ಕರ್ಣ ಹೇಗೆ ನಂಬಬೇಕು? ಸಲಹೆ ಕೊಡುವ ಹಕ್ಕನ್ನು ಶಲ್ಯ ಮೊದಲೇ ಖರ್ಚು ಮಾಡಿಕೊಂಡಿದ್ದ. ಕರ್ಣನೂ ಕಡಿಮೆಯಿಲ್ಲ: ನುರಿತವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ನುರಿತ ಮಾತಿಗೆ ಕಿವಿಗೊಡದವನು ಸಾರಥಿಯನ್ನು ಬೇಡಿದ್ದಾದರೂ ಏಕೆ? ಲಗಾಮು ಹಿಡಿಯುವ ಆಳು ಸಾಕಾಗಿತ್ತು.

ನಿರ್ದೇಶಕರೂ ಸಂಗೀತಗಾರರೂ ಹದಿನೆಂಟು ವರ್ಷ ಒಂದೇ ರಥದಲ್ಲಿ ಕುಳಿತಿದ್ದರೆಂದರೆ ನಡುವೆ ಸಾವಿರ ಸಲ 'ಇದು ಬೇಡ' ಎಂಬ ಮಾತು ಬಂದಿರಲೇಬೇಕು. ಬೇಡ ಎಂದದ್ದನ್ನು ಅವಮಾನವೆಂದು ಎಣಿಸದೆ ಮತ್ತೆ ಹಾರ್ಮೋನಿಯಂ ಎಳೆದುಕೊಂಡಿರಬೇಕು. ಬೇಡ ಎಂದವರು ಮರುದಿನ, ನಿನ್ನೆಯದೇ ಚೆನ್ನಾಗಿತ್ತು ಎಂದು ಒಪ್ಪಿಕೊಂಡದ್ದೂ ಇರಬೇಕು. ಹೊರಗಿನವರಿಗೆ ಕಾಣುವುದು ಹಾಡು, ಈ ಹೋಗಿಬರುವಿಕೆ ಕಾಣುವುದಿಲ್ಲ.

ನಿಷ್ಠೆಯ ವಿಷಯ ಒಂದು ಉಳಿಯಿತು. ಪುಟ್ಟಣ್ಣನವರು ವಿಜಯಭಾಸ್ಕರರೊಬ್ಬರನ್ನೇ ನೆಚ್ಚಿರಲಿಲ್ಲ. 'ಸಾಕ್ಷಾತ್ಕಾರ' (1971), 'ಎಡಕಲ್ಲು ಗುಡ್ಡದ ಮೇಲೆ' (1973), 'ರಂಗನಾಯಕಿ' (1981) ಎಂ. ರಂಗರಾವ್ ಅವರವು, 'ಧರ್ಮಸೆರೆ' (1979) ಉಪೇಂದ್ರ ಕುಮಾರರದು. ಬೆನಗಲ್ಲರೂ ಇಪ್ಪತ್ತು ವರ್ಷಕ್ಕೂ ಮೀರಿ ಭಾಟಿಯಾ ಜೊತೆ ನಡೆದು, 2001ರ 'ಝುಬೇದಾ'ಕ್ಕೆ ಎ.ಆರ್. ರೆಹಮಾನರನ್ನು ಕರೆದರು. ಇದು ದ್ರೋಹವೇ? ನಮಗೆ ಹಾಗನ್ನಿಸುವುದಿಲ್ಲ. 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ವಿರಹದ ಹಾಡು ರಂಗರಾಯರ ಕೈಯಲ್ಲಿ ಹುಟ್ಟದಿದ್ದರೆ ಕನ್ನಡಕ್ಕೆ ಎಷ್ಟು ಬಡತನ! ಕೆಲಸಕ್ಕೆ ನಿಷ್ಠರಾಗಿರುವುದು ಮೊದಲು, ಜೊತೆಗಾರನಿಗೆ ಆಮೇಲೆ. ಆದರೆ ಬಿಟ್ಟುಹೋದವರು ಮತ್ತೆ ಬಂದಾಗ ಬಾಗಿಲು ತೆರೆದಿತ್ತೇ ಎಂಬುದನ್ನು ನೋಡಬೇಕು. 1973ರಲ್ಲಿ ರಂಗರಾಯರ ಬಳಿ ಹೋದ ಪುಟ್ಟಣ್ಣನವರು 1974ರಲ್ಲಿ, ವೀಣೆಗೆ ಬಾಳು ಮುಡಿಪಿಟ್ಟ ಹೆಣ್ಣಿನ ಕಥೆಯಾದ 'ಉಪಾಸನೆ'ಗೆ, ಸಂಗೀತವೇ ಜೀವವಾದ ಆ ಚಿತ್ರಕ್ಕೆ, ವಿಜಯಭಾಸ್ಕರರಲ್ಲಿಗೇ ಬಂದರು. ಬಾಗಿಲು ತೆರೆದಿತ್ತು.

ಪುಟ್ಟಣ್ಣನವರು 1985ರ ಜೂನ್ 5ರಂದು ತೀರಿಕೊಂಡರು. 'ಮಸಣದ ಹೂವು' ಇನ್ನೂ ಪೂರ್ತಿಯಾಗಿರಲಿಲ್ಲ, ಕೆ.ಎಸ್.ಎಲ್. ಸ್ವಾಮಿಯವರು ಅದನ್ನು ಮುಗಿಸಿದರು. ಜನ ಇಂದಿಗೂ ಅದನ್ನು ಪುಟ್ಟಣ್ಣನ ಕೊನೆಯ ಚಿತ್ರವೆನ್ನುತ್ತಾರೆ, ಸ್ವಾಮಿಯವರು ಅದಕ್ಕೆ ಆಕ್ಷೇಪಿಸಿದ್ದನ್ನು ನಾವು ಕೇಳಿಲ್ಲ.

ವಿಜಯಭಾಸ್ಕರ್ ಮುಂದೆ ಇನ್ನೂ ಹದಿನೇಳು ವರ್ಷ ಬದುಕಿದ್ದರು. ಆ ಅವಧಿಯಲ್ಲಿ ಅವರನ್ನು ಕರೆದವರಲ್ಲಿ ಕೇರಳದ ಅಡೂರ್ ಗೋಪಾಲಕೃಷ್ಣನ್ ಒಬ್ಬರು. 'ಮತಿಲುಕಳ್' (1989), 'ವಿಧೇಯನ್' (1993), 'ಕಥಾಪುರುಷನ್' (1995) ಇವಕ್ಕೆ ಸಂಗೀತ ನಮ್ಮ ವಿಜಯಭಾಸ್ಕರರದು. ಅಡೂರರ ಚಿತ್ರಗಳಲ್ಲಿ ಪುಟ್ಟಣ್ಣನವರ ಬಗೆಯ ಹಾಡಿಗೆ ಎಡೆಯಿಲ್ಲ. ಓಬವ್ವನ ಕಥೆಯನ್ನು ಸ್ವರದಲ್ಲಿ ಕಟ್ಟಿದ ಕೈ, ಇಲ್ಲಿ ಎಲ್ಲೋ ಒಂದೆರಡು ಎಳೆ ಇಟ್ಟು ಸುಮ್ಮನಾಗುತ್ತದೆ. 'ವಿಧೇಯನ್' ಅಂತೂ ದಕ್ಷಿಣ ಕನ್ನಡದಲ್ಲಿ ನಡೆಯುವ ಕಥೆ, ಕ್ರೂರಿ ಪಟೇಲನೊಬ್ಬ ಮತ್ತು ಅವನಿಗೆ ಮನಸ್ಸನ್ನೇ ಒಪ್ಪಿಸಿಬಿಟ್ಟ ಆಳು. ಇಬ್ಬರು ಮನುಷ್ಯರು ಕೂಡಿದ್ದೂ ಕೂಡದೆ ಇರುವುದು ಹೇಗೆಂದು ತಿಳಿಯಬೇಕಾದರೆ ಅದನ್ನು ನೋಡಬೇಕು. ಮಲಯಾಳ ಚಿತ್ರವಾದರೂ ಅದರಲ್ಲಿ ಕನ್ನಡದ ಮಾತೂ ಕೇಳುತ್ತದೆ. ಒಂದು ಭಾನುವಾರ ಮಕ್ಕಳನ್ನು, ಅಂದರೆ ಸ್ವಲ್ಪ ದೊಡ್ಡ ಮಕ್ಕಳನ್ನು, ಕೂರಿಸಿಕೊಂಡು ನೋಡಬಹುದು. ಹೆಸರುಗಳು ಬರುವ ಹೊತ್ತಿಗೆ ಕಾಫಿಗೆಂದು ಏಳದಿದ್ದರೆ ಸರಿ.